ಭಾರಿ ಯಂತ್ರದ ಎಂಜಿನ್ ಬಿಸಿಯಾಗುತ್ತಿದೆಯೇ? ಕೂಲಿಂಗ್ ವ್ಯವಸ್ಥೆಯ ದೋಷ ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ ಜಿಲ್ಲೆಯಲ್ಲಿ ಭಾರಿ ಯಂತ್ರಗಳ ಎಂಜಿನ್‌ಗೆ ವರ್ಷದಲ್ಲಿ ಎರಡು ಕಷ್ಟದ ಕಾಲಗಳಿವೆ. ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಕಟಾವು ಯಂತ್ರಗಳ ರೇಡಿಯೇಟರ್‌ಗೆ, ಅಂದರೆ ಎಂಜಿನ್ನಿನ ಬಿಸಿನೀರನ್ನು ಗಾಳಿಯಿಂದ ತಣಿಸುವ ಭಾಗಕ್ಕೆ, ರವದಿ (ಕಬ್ಬಿನ ಒಣ ಎಲೆ) ಮೆತ್ತಿಕೊಳ್ಳುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಗಳಲ್ಲಿಯೂ ಲೋಕಾಪುರದ ಕಡೆಯ ಸುಣ್ಣದಕಲ್ಲಿನ ಗಣಿಗಳಲ್ಲಿಯೂ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಗಾಳಿಯಿಂದಲೇ ಎಂಜಿನ್ ತಂಪಾಗಬೇಕಾಗುತ್ತದೆ. ಮೀಟರಿನ ಮುಳ್ಳು ಕೆಂಪಿಗೆ ಹೋದ ಕೂಡಲೇ ನಮ್ಮಲ್ಲಿ ನಡೆಯುವ ಕ್ರಮ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಮೊದಲು ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ಕಿತ್ತು ಹಾಕುತ್ತಾರೆ, ಆಮೇಲೆ ರೇಡಿಯೇಟರ್ ಬಿಚ್ಚಿ ಪೇಟೆಗೆ ಕಳಿಸುತ್ತಾರೆ, ಅದಕ್ಕೂ ಬಗ್ಗದಿದ್ದರೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಎತ್ತುತ್ತಾರೆ. ಈ ಕ್ರಮ ತಲೆಕೆಳಗಾದದ್ದು. ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ಅಳತೆ ತೆಗೆದುಕೊಂಡು, ಕೊನೆಗೆ ಮಾತ್ರ ಸ್ಪ್ಯಾನರ್ ಹಿಡಿಯಬೇಕು. ಹಿಟಾಚಿ, ಜೆಸಿಬಿ, ಲೋಡರ್, ಗ್ರೇಡರ್, ಟಿಪ್ಪರ್, ಕಬ್ಬು ಕಟಾವು ಯಂತ್ರ, ಯಾವುದಕ್ಕಾದರೂ ಈ ಮಾರ್ಗದರ್ಶಿ ಅನ್ವಯಿಸುತ್ತದೆ. ನಿಖರವಾದ ಅಂಕಿಗಳನ್ನು ಮಾತ್ರ ಆಯಾ ಯಂತ್ರದ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು.

ಮುಳ್ಳು ಕೆಂಪಿಗೆ ಹೋದ ಕ್ಷಣದಲ್ಲಿ ಮಾಡಬೇಕಾದದ್ದು

ಕೆಲಸ ನಿಲ್ಲಿಸಿ, ಬಕೆಟ್ಟನ್ನು ನೆಲಕ್ಕೆ ಇಳಿಸಿ, ಎಂಜಿನ್ನನ್ನು ಲೋಡ್ ಇಲ್ಲದೆ ನಿಧಾನ ಓಟದಲ್ಲಿ ಕೆಲವು ನಿಮಿಷ ಓಡಲು ಬಿಡಬೇಕು. ಫ್ಯಾನ್ ಮತ್ತು ಪಂಪ್ ತಿರುಗುತ್ತಿರುವುದರಿಂದ ಹೆಡ್‌ನಲ್ಲಿ ನಿಂತ ಶಾಖ ಸಮನಾಗಿ ಹೊರಗೆ ಹೋಗುತ್ತದೆ ಮತ್ತು ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಬೇರಿಂಗ್‌ಗೂ ಎಣ್ಣೆ ಸಿಗುತ್ತದೆ. ಇದಕ್ಕೆ ಒಂದೇ ವಿನಾಯಿತಿ ಇದೆ. ಹೋಸ್ ಒಡೆದು ನೀರು ಸುರಿದುಹೋಗಿದ್ದರೆ, ಫ್ಯಾನ್ ಬೆಲ್ಟ್ ಹರಿದಿದ್ದರೆ, ಅಥವಾ ಎಣ್ಣೆಯ ಒತ್ತಡ ಕುಸಿದಿದ್ದರೆ ಎಂಜಿನ್ನನ್ನು ತಕ್ಷಣ ಬಂದ್ ಮಾಡಬೇಕು.

ಬಿಸಿಯಾಗಿರುವ ರೇಡಿಯೇಟರ್‌ನ ಕ್ಯಾಪನ್ನು ಯಾವ ಕಾರಣಕ್ಕೂ ತೆಗೆಯಕೂಡದು. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿದ್ದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ಸಡಿಲಾದ ಕೂಡಲೇ ಅದು ಒಮ್ಮೆಲೇ ಕುದಿದು ಉಗಿಯೊಂದಿಗೆ ಮುಖಕ್ಕೆ ಚಿಮ್ಮುತ್ತದೆ. ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದು ನಿಲ್ಲುವಷ್ಟು ತಂಪಾದ ಮೇಲೆ, ಗೋಣಿಚೀಲ ಅಥವಾ ದಪ್ಪ ಬಟ್ಟೆ ಹೊದಿಸಿ, ಕ್ಯಾಪ್ ಮೊದಲು ತಡೆದು ನಿಲ್ಲುವ ಹಂತದವರೆಗೆ ಮಾತ್ರ ತಿರುಗಿಸಿ, ಒತ್ತಡ ಪೂರ್ತಿ ಹೋದ ನಂತರ ಕ್ಯಾಪ್ ತೆಗೆಯಬೇಕು. ಕಾದ ಎಂಜಿನ್‌ಗೆ ತಣ್ಣೀರು ಸುರಿಯುವುದೂ ಅಷ್ಟೇ ಕೆಟ್ಟದ್ದು, ಅದರಿಂದ ಹೆಡ್ ಸೀಳುತ್ತದೆ.

ಮೊದಲ ಹೆಜ್ಜೆ: ಆಪರೇಟರ್‌ನನ್ನು ಸರಿಯಾಗಿ ಕೇಳುವುದು

ಅರ್ಧ ರೋಗನಿರ್ಣಯ ಇಲ್ಲಿಯೇ ಆಗುತ್ತದೆ. "ಎಂಜಿನ್ ಬಿಸಿ ಆಗತೈತ್ರಿ" ಎಂಬ ಮಾತು ಏನನ್ನೂ ತಿಳಿಸುವುದಿಲ್ಲ, "ಬ್ರೇಕರ್ ಹಚ್ಚಿದಾಗ ಅಷ್ಟ ಬಿಸಿ ಆಗತೈತ್ರಿ, ಮಣ್ಣು ತುಂಬೂ ಮುಂದ ಏನೂ ಇಲ್ಲ" ಎಂಬ ಮಾತು ಬಹಳಷ್ಟನ್ನು ತಿಳಿಸುತ್ತದೆ (ಬ್ರೇಕರ್ ಎಂದರೆ ಯಂತ್ರಕ್ಕೆ ಕೂಡಿಸುವ, ಕಲ್ಲು ಒಡೆಯುವ ಸುತ್ತಿಗೆ). ಲೋಡ್ ಬಿದ್ದಾಗ ಮಾತ್ರ ಬಿಸಿಯಾಗಿ, ನಿಧಾನ ಓಟದಲ್ಲಿ ಇಳಿದರೆ ಗಾಳಿಯ ದಾರಿ ಕಟ್ಟಿರುವುದು, ರೇಡಿಯೇಟರಿನ ಕೋರ್ (ನೀರು ಹರಿಯುವ ಸಣ್ಣ ಕೊಳವೆಗಳ ಜಾಲ) ಒಳಗೆ ಅರ್ಧ ಮುಚ್ಚಿರುವುದು, ಅಥವಾ ಹೈಡ್ರಾಲಿಕ್ ಎಣ್ಣೆಯ ಶಾಖ ಕಾರಣವಾಗಿರುವುದೇ ಹೆಚ್ಚು. ಸೆಲ್ಫ್ ಹೊಡೆದು ಹತ್ತು ನಿಮಿಷದೊಳಗೇ ಏರಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿರುವುದನ್ನು, ನೀರು ಕಡಿಮೆಯಾಗಿರುವುದನ್ನು, ಗಾಳಿ ಸಿಕ್ಕಿಕೊಂಡಿರುವುದನ್ನು ಸಂಶಯಿಸಬೇಕು. ಎಷ್ಟು ಹಾಕಿದರೂ ನೀರು ಕಡಿಮೆಯಾಗುತ್ತಿದ್ದು ಹೊರಗೆ ಸೋರಿಕೆ ಕಾಣದಿದ್ದರೆ ಎಂಜಿನ್ ನೀರು ಕುಡಿಯುತ್ತಿದೆ, ಅಂದರೆ ನೀರು ಒಳಗೇ ಸೋರುತ್ತಿದೆ ಎಂದು ಸಂಶಯಿಸಬೇಕು. ತೊಂದರೆ ದಿಢೀರನೆ ಬಂತೋ, ವಾರದಿಂದ ವಾರಕ್ಕೆ ಹೆಚ್ಚುತ್ತ ಬಂತೋ ಎಂಬುದನ್ನೂ ಕೇಳಬೇಕು. ಮೆಲ್ಲಗೆ ಹೆಚ್ಚಿದ್ದರೆ ಅದು ಹೆಚ್ಚಾಗಿ ಕೊಳೆ ಅಥವಾ ಸುಣ್ಣದ ಪದರಿನ ಕೆಲಸ. ಕೊನೆಯ ಬಾರಿ ರೇಡಿಯೇಟರ್‌ಗೆ ಯಾವ ನೀರು ಹಾಕಿದ್ದರು ಎಂಬ ಪ್ರಶ್ನೆಯನ್ನು ಮಾತ್ರ ಎಂದೂ ಬಿಡಬಾರದು.

ಎರಡನೆಯ ಹೆಜ್ಜೆ: ಮೀಟರ್ ನಂಬುವಂತಿದೆಯೇ?

ಸೆನ್ಸರ್ ಕೆಟ್ಟು, ವೈರ್ ಉಜ್ಜಿ ಬಾಡಿಗೆ ತಗುಲಿ, ಅಥವಾ ಅರ್ಥಿಂಗ್ ಸಡಿಲಾಗಿ ಮುಳ್ಳು ಸುಳ್ಳು ತೋರಿಸುವುದು ಹಳೆಯ ಯಂತ್ರಗಳಲ್ಲಿ ಸಾಮಾನ್ಯ. ಇನ್‌ಫ್ರಾರೆಡ್ ಟೆಂಪರೇಚರ್ ಗನ್ ಈಗ ಕೈಗೆಟಕುವ ಬೆಲೆಯಲ್ಲಿ ಸಿಗುತ್ತದೆ ಮತ್ತು ಅದಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಥರ್ಮೋಸ್ಟಾಟ್ ಕೂರುವ ಮನೆಯ ಮೇಲೆ ಗುರಿಯಿಟ್ಟು ಅಳೆದು ಮೀಟರಿನೊಂದಿಗೆ ಹೋಲಿಸಬೇಕು. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಗನ್ ಕಡಿಮೆ ತೋರಿಸುವುದರಿಂದ ಅಲ್ಲಿ ಕಪ್ಪು ಟೇಪ್ ಅಂಟಿಸಿ ಅದರ ಮೇಲೆಯೇ ಅಳೆಯಬೇಕು. ಇದಕ್ಕಿಂತ ಅಪಾಯಕಾರಿಯಾದದ್ದು ಇದರ ವಿರುದ್ಧದ ಸ್ಥಿತಿ: ನೀರು ತೀರ ಕಡಿಮೆಯಾದಾಗ ಸೆನ್ಸರ್‌ನ ತುದಿ ನೀರು ಬಿಟ್ಟು ಉಗಿಯಲ್ಲಿ ನಿಂತು, ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಉಳಿಯಬಹುದು. ಆದ್ದರಿಂದ ಮುಳ್ಳು ಎಲ್ಲಿಯೇ ಇರಲಿ, ಪ್ರತಿದಿನ ಬೆಳಿಗ್ಗೆ ತಣ್ಣಗಿದ್ದಾಗ ನೀರಿನ ಮಟ್ಟವನ್ನು ಕಣ್ಣಾರೆ ನೋಡಬೇಕು.

ಮೂರನೆಯ ಹೆಜ್ಜೆ: ಗಾಳಿಯ ದಾರಿ

ನಮ್ಮ ಭಾಗದಲ್ಲಿ ಎಂಜಿನ್ ಬಿಸಿಯಾಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ, ಮತ್ತು ಇದರಷ್ಟು ಅರೆಮನಸ್ಸಿನಿಂದ ಮಾಡುವ ಕೆಲಸವೂ ಇನ್ನೊಂದಿಲ್ಲ. ಬಹಳಷ್ಟು ಯಂತ್ರಗಳಲ್ಲಿ ರೇಡಿಯೇಟರ್ ಒಂದೇ ಇರುವುದಿಲ್ಲ. ಎಸಿ ಕಂಡೆನ್ಸರ್, ಹೈಡ್ರಾಲಿಕ್ ಆಯಿಲ್ ಕೂಲರ್, ಟರ್ಬೊ ಗಾಳಿಯ ಇಂಟರ್‌ಕೂಲರ್ ಇವೆಲ್ಲ ಒಂದರ ಹಿಂದೊಂದು ಇಲ್ಲವೇ ಪಕ್ಕಪಕ್ಕದಲ್ಲಿ ನಿಂತಿರುತ್ತವೆ. ಹೊರಗಿನ ಮುಖ ತೊಳೆದು ಥಳಥಳಿಸುತ್ತಿದ್ದರೂ ಎರಡು ಕೋರ್‌ಗಳ ನಡುವಿನ ಸಂದಿನಲ್ಲಿ ಕೊಳೆ ಹಾಗೆಯೇ ಇರುತ್ತದೆ. ಕಟಾವು ಯಂತ್ರದ ಆಯಿಲ್ ಕೂಲರ್ ಬೋಲ್ಟ್ ಸಡಿಲಿಸಿ ಮುಂದಕ್ಕೆ ವಾಲಿಸಿದರೆ ಒಳಗಿನದು ಕಾಣುತ್ತದೆ: ರವದಿಯ ಎಳೆ, ಎರೆಮಣ್ಣಿನ ಧೂಳು, ಹೋಸ್ ಜಾಯಿಂಟಿನಿಂದ ಜಿನುಗಿದ ಎಣ್ಣೆ ಮೂರೂ ಸೇರಿ ಬೆರಳ ದಪ್ಪದ ಕಂಬಳಿಯಾಗಿ ಕೋರ್‌ನ ತೆಳು ತಗಡುಗಳಾದ ಫಿನ್‌ಗಳ ಮೇಲೆ ಕೂತಿರುತ್ತವೆ, ಕೈಯಿಂದ ಹಿಡಿದು ಎಳೆದರೆ ಹಾಳೆಯಂತೆ ಎದ್ದುಬರುತ್ತವೆ. ಇದರ ಹಿಂದೆ ಎಷ್ಟೇ ಹೊಸ ರೇಡಿಯೇಟರ್ ಕೂಡಿಸಿದರೂ ಪ್ರಯೋಜನವಿಲ್ಲ. ಕ್ವಾರಿಯಲ್ಲಿ ರವದಿಯ ಬದಲು ಕಲ್ಲಿನ ಪುಡಿ ಇರುತ್ತದೆ. ಅದು ಎಣ್ಣೆಯೊಂದಿಗೆ ಬೆರೆತರೆ ಸಿಮೆಂಟಿನಷ್ಟು ಗಟ್ಟಿಯಾಗುತ್ತದೆ.

ಸ್ವಚ್ಛ ಮಾಡುವ ಮೊದಲು ಗಾಳಿ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ತಿಳಿದುಕೊಳ್ಳಬೇಕು. ಎಂಜಿನ್ ನಿಧಾನ ಓಟದಲ್ಲಿರುವಾಗ ಹೊರಗಿನ ಜಾಲರಿಗೆ ಒಂದು ಕಾಗದ ಹಿಡಿದು ನೋಡಿ: ಅಂಟಿಕೊಂಡರೆ ಗಾಳಿ ಒಳಕ್ಕೆ ಬರುತ್ತಿದೆ, ಹಾರಿದರೆ ಹೊರಕ್ಕೆ ಹೋಗುತ್ತಿದೆ. ನಂತರ ಎಂಜಿನ್ ಬಂದ್ ಮಾಡಿ, ಗಾಳಿ ಬರುವ ದಿಕ್ಕಿಗೆ ಎದುರಾಗಿ, ಅಂದರೆ ಕೊಳೆ ಹೇಗೆ ಒಳಗೆ ಬಂದಿತೋ ಹಾಗೆಯೇ ಹಿಂದಕ್ಕೆ ಹೋಗುವಂತೆ ಊದಬೇಕು. ಮೊದಲು ಒಣಗಾಳಿಯಿಂದ ಧೂಳನ್ನು ಹೊಡೆದು, ಎಣ್ಣೆ ಹತ್ತಿದ್ದರೆ ಸಾಬೂನು ನೀರು ಅಥವಾ ಡಿಗ್ರೀಸರ್ ಸಿಂಪಡಿಸಿ ನೆನೆಯಲು ಬಿಟ್ಟು, ಆಮೇಲೆ ನೀರಿನಿಂದ ತೊಳೆಯಬೇಕು. ಒಣಧೂಳಿನ ಮೇಲೆ ನೇರವಾಗಿ ನೀರು ಹೊಡೆದರೆ ಅದು ಕೆಸರಾಗಿ ಒಳಗೇ ಕಟ್ಟಿಕೊಳ್ಳುತ್ತದೆ. ಸರ್ವಿಸಿಂಗ್ ಅಂಗಡಿಯ ಪ್ರೆಷರ್ ಗನ್ ಬಳಸುವುದಾದರೆ ಅದನ್ನು ಒಂದು ಅಡಿಗಿಂತ ಹೆಚ್ಚು ದೂರದಲ್ಲಿ, ಫಿನ್‌ಗಳಿಗೆ ನೆಟ್ಟಗೆ ಹಿಡಿಯಬೇಕು. ಓರೆ ಹಿಡಿದರೆ ಫಿನ್‌ಗಳು ಮಲಗಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಮಲಗಿದ ಫಿನ್‌ಗಳನ್ನು ಬಾಚುವ ಸಾಧನದಿಂದಲೋ ತೆಳುವಾದ ತಗಡಿನಿಂದಲೋ ನಿಧಾನವಾಗಿ ಎತ್ತಿ ನಿಲ್ಲಿಸಬಹುದು. ಕೆಲಸ ಮುಗಿದ ಮೇಲೆ ಕತ್ತಲಲ್ಲಿ ಕೋರ್‌ನ ಹಿಂದೆ ಟಾರ್ಚ್ ಹಿಡಿದು ಮುಂದಿನಿಂದ ನೋಡಿ. ಬೆಳಕು ಎಲ್ಲ ಕಡೆಯಿಂದಲೂ ತೂರಿ ಬಂದರೆ ಮಾತ್ರ ಕೆಲಸ ಮುಗಿದಿದೆ.

ಎಣ್ಣೆ ಎಲ್ಲಿಂದ ಬರುತ್ತಿದೆ ಎಂಬುದನ್ನು ಹುಡುಕಿ ನಿಲ್ಲಿಸದಿದ್ದರೆ ಎರಡು ವಾರದಲ್ಲಿ ಅದೇ ಸ್ಥಿತಿ ಮರಳುತ್ತದೆ. ಕೋರ್‌ನ ಸುತ್ತಲಿನ ಸ್ಪಂಜು ಪಟ್ಟಿಗಳು ಕಿತ್ತುಹೋಗಿದ್ದರೆ ಹೊಸದನ್ನು ಅಂಟಿಸಬೇಕು, ಏಕೆಂದರೆ ಗಾಳಿ ಸುಲಭದ ದಾರಿ ಹಿಡಿದು ಕೋರ್‌ನ ಹೊರಗಿನಿಂದಲೇ ಸುತ್ತಿ ಬರುತ್ತದೆ. ಫ್ಯಾನಿನ ಸುತ್ತಲಿನ ಕವಚ, ಅಂದರೆ ಶ್ರೌಡ್, ಮುರಿದಿದ್ದರೂ ಇದೇ ಫಲ. ಕೆಲವರು ಅಡ್ಡಿ ಎಂದು ಅದನ್ನು ತೆಗೆದೇ ಓಡಿಸುತ್ತಾರೆ; ಹಾಗೆ ಮಾಡಿದ ಯಂತ್ರ ಬೇಸಿಗೆಯಲ್ಲಿ ತಾಳುವುದಿಲ್ಲ.

ಫ್ಯಾನ್ ಮತ್ತು ಬೆಲ್ಟ್ ನೋಡುವಾಗ ಎಂಜಿನ್ ಬಂದ್ ಇರಬೇಕು, ಕೀ ನಿಮ್ಮ ಜೇಬಿನಲ್ಲಿರಬೇಕು. ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸಾಧಾರಣವಾಗಿ 10 ರಿಂದ 15 ಮಿಲಿಮೀಟರ್ ಬಗ್ಗಬೇಕು. ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ ಬೆಲ್ಟ್ ಜಾರುತ್ತಿದೆ ಎಂದರ್ಥ, ಅದನ್ನು ಬಿಗಿದರೆ ಸಾಲದು, ಬದಲಿಸಬೇಕು. ವಿಸ್ಕಸ್ ಕ್ಲಚ್ (ಬಿಸಿ ಏರಿದಂತೆ ಫ್ಯಾನನ್ನು ಹಿಡಿದು ತಿರುಗಿಸುವ ಜೋಡಣೆ) ಇರುವ ಫ್ಯಾನ್ ಆಗಿದ್ದರೆ, ಎಂಜಿನ್ ಬಿಸಿಯಿದ್ದಾಗ ಬಂದ್ ಮಾಡಿ ಕೈಯಿಂದ ತಿರುಗಿಸಿ ನೋಡಬೇಕು. ಯಾವ ತಡೆಯೂ ಇಲ್ಲದೆ ಸುಮ್ಮನೆ ಸುತ್ತಿದರೆ ಕ್ಲಚ್ ಹೋಗಿದೆ. ಫ್ಯಾನ್ ಬಿಚ್ಚಿ ಮರಳಿ ಹಾಕುವಾಗ ಹಿಂದುಮುಂದಾಗಿ ಕೂಡಿಸಿದ ಉದಾಹರಣೆಗಳೂ ಇವೆ. ಗಾಳಿ ಬಂದರೂ ಬಹಳ ಕಡಿಮೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಕ್ಯಾಪ್ ಮತ್ತು ಸೋರಿಕೆ

ಬಾಗಲಕೋಟೆ, ವಿಜಯಪುರ ಪ್ರದೇಶ ಸಮುದ್ರ ಮಟ್ಟದಿಂದ ಸುಮಾರು 500 ರಿಂದ 600 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ ಸುಮಾರು 98 ಡಿಗ್ರಿಗೇ ಕುದಿಯುತ್ತದೆ. 0.9 ಬಾರ್ ಒತ್ತಡ ಹಿಡಿಯುವ ಒಂದು ಕ್ಯಾಪ್ ಈ ಮಿತಿಯನ್ನು 118 ಡಿಗ್ರಿಯ ಆಸುಪಾಸಿಗೆ ಏರಿಸುತ್ತದೆ. ಅಂದರೆ ರಬ್ಬರ್ ಸೀಳಿದ ಒಂದು ಚಿಕ್ಕ ಕ್ಯಾಪ್‌ನಿಂದಾಗಿ ಇಪ್ಪತ್ತು ಡಿಗ್ರಿಯ ಅವಕಾಶ ಕೈತಪ್ಪುತ್ತದೆ. ಕ್ಯಾಪ್ ಮೇಲೆ ಅಚ್ಚಾದ ಅಂಕಿ ಪುಸ್ತಕದಲ್ಲಿರುವುದೇ ಆಗಿರಬೇಕು. ಹೆಚ್ಚಿನ ಒತ್ತಡದ್ದನ್ನು ಹಾಕಿದರೆ ಹಳೆಯ ಕೋರ್ ಮತ್ತು ಹೋಸ್‌ಗಳು ಸೀಳುತ್ತವೆ. ಪ್ಲಾಸ್ಟಿಕ್ ಕಾಗದ ಕಟ್ಟಿ ಮೇಲೆ ಕ್ಯಾಪ್ ತಿರುಗಿಸುವ ರೂಢಿಯನ್ನು ಬಿಡಲೇಬೇಕು, ಏಕೆಂದರೆ ತಣ್ಣಗಾದಾಗ, ಹೆಚ್ಚಾದ ನೀರು ಸೇರುವ ಡಬ್ಬಿಯಿಂದ ನೀರು ಮರಳಿ ಬರುವ ಚಿಕ್ಕ ವಾಲ್ವ್ ಅದರಿಂದ ಮುಚ್ಚಿಹೋಗುತ್ತದೆ.

ಸೋರಿಕೆಗೆ ಕೈಪಂಪಿನ ಪ್ರೆಷರ್ ಟೆಸ್ಟರ್ ಕೂಡಿಸಿ, ಕ್ಯಾಪ್‌ನ ಮೇಲಿನ ಒತ್ತಡದಷ್ಟೇ ಏರಿಸಿ, ಹತ್ತು ನಿಮಿಷ ಕಾಯಬೇಕು. ಮುಳ್ಳು ಇಳಿದರೆ ಹೋಸ್ ಕ್ಲಿಪ್‌ಗಳು, ಕೋರ್ ಮತ್ತು ಟ್ಯಾಂಕ್ ಸೇರುವ ಅಂಚು, ವಾಟರ್ ಪಂಪ್ ಕೆಳಗಿನ ಚಿಕ್ಕ ರಂಧ್ರ, ಹೀಟರ್ ಪೈಪು ಇವನ್ನು ಕ್ರಮವಾಗಿ ನೋಡಬೇಕು. ಪಂಪಿನ ಆ ರಂಧ್ರದಿಂದ ನೀರು ತೊಟ್ಟಿಕ್ಕಿದರೆ ಒಳಗಿನ ಸೀಲ್ ಹೋಗಿದೆ. ರಂಧ್ರಕ್ಕೆ ಎಂಸೀಲ್ ಮೆತ್ತಿದರೆ ನೀರು ಬೇರಿಂಗ್‌ಗೆ ನುಗ್ಗುತ್ತದೆ. ಸೋರಿಕೆ ನಿಲ್ಲಿಸಲು ಅರಿಶಿನ ಪುಡಿ ಹಾಕುವುದು ಹಳೆಯ ಉಪಾಯ. ನಿರ್ಜನ ಜಾಗದಿಂದ ಯಂತ್ರವನ್ನು ಊರಿಗೆ ತರಲು ಅದು ನೆರವಾಗಬಹುದಾದರೂ, ಅದೇ ಪುಡಿ ಕೋರ್‌ನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುವುದರಿಂದ ಊರು ಮುಟ್ಟಿದ ಮೇಲೆ ಪೂರ್ತಿ ತೊಳೆದು ತೆಗೆಯಬೇಕು.

ಐದನೆಯ ಹೆಜ್ಜೆ: ಉಷ್ಣಾಂಶದ ವ್ಯತ್ಯಾಸ ಅಳೆಯುವುದು

ಎಂಜಿನ್ ಕೆಲಸದ ಬಿಸಿಗೆ ಬಂದು, ಲೋಡ್‌ನಲ್ಲಿ ಓಡಿದ ತಕ್ಷಣ ರೇಡಿಯೇಟರ್‌ಗೆ ನೀರು ಬರುವ ಮೇಲಿನ ಕೊಳವೆಯನ್ನೂ ಹೊರಡುವ ಕೆಳಗಿನ ಕೊಳವೆಯನ್ನೂ ಗನ್‌ನಿಂದ ಅಳೆಯಿರಿ. ಬಹಳಷ್ಟು ಯಂತ್ರಗಳಲ್ಲಿ ಈ ವ್ಯತ್ಯಾಸ 5 ರಿಂದ 10 ಡಿಗ್ರಿಯ ಸುತ್ತ ಇರುತ್ತದೆ. ವ್ಯತ್ಯಾಸ ಬಹಳ ಹೆಚ್ಚಾಗಿ, ಮೇಲೆ ಕುದಿಯುತ್ತ ಕೆಳಗೆ ತಣ್ಣಗಿದ್ದರೆ ನೀರು ನಿಧಾನವಾಗಿ ಹರಿಯುತ್ತಿದೆ: ಪಂಪ್, ಥರ್ಮೋಸ್ಟಾಟ್ ಅಥವಾ ಕಟ್ಟಿದ ಕೊಳವೆಗಳನ್ನು ಸಂಶಯಿಸಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಿಸಿಯಿದ್ದರೆ ನೀರು ಹರಿಯುತ್ತಿದೆ, ಆದರೆ ಶಾಖವನ್ನು ಗಾಳಿ ಒಯ್ಯುತ್ತಿಲ್ಲ: ಮೂರನೆಯ ಹೆಜ್ಜೆಗೆ ಮರಳಬೇಕು. ಕೋರ್‌ನ ಮುಖದ ಮೇಲೆ ಗನ್ನನ್ನು ಸಾಲುಸಾಲಾಗಿ ಆಡಿಸಿದಾಗ ನಡುವೆ ತಣ್ಣನೆಯ ತೇಪೆ ಸಿಕ್ಕರೆ ಅಲ್ಲಿಯ ಕೊಳವೆಗಳೊಳಗೆ ನೀರು ಹರಿಯುತ್ತಿಲ್ಲ. ಐದು ನಿಮಿಷದ ಈ ಅಳತೆ ಎಷ್ಟೋ ಅನಗತ್ಯ ಬಿಚ್ಚುವಿಕೆಯನ್ನು ತಪ್ಪಿಸುತ್ತದೆ.

ಆರನೆಯ ಹೆಜ್ಜೆ: ಥರ್ಮೋಸ್ಟಾಟ್, ಪಂಪ್, ಹೋಸ್

ನಮ್ಮ ಊರು ಬಿಸಿಲಿನ ಊರು, ಥರ್ಮೋಸ್ಟಾಟ್ ಬೇಕಿಲ್ಲ ಎಂಬ ಮಾತನ್ನು ಗ್ಯಾರೇಜುಗಳಲ್ಲಿ ಧಾರಾಳವಾಗಿ ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ರೇಡಿಯೇಟರಿನ ದಾರಿ ತೆರೆಯುವುದರ ಜೊತೆಗೆ ಬೈಪಾಸ್ ದಾರಿ ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದಿದ್ದು, ಕಾದ ನೀರಿನ ಒಂದು ಭಾಗ ರೇಡಿಯೇಟರ್ ಕಾಣದೆಯೇ ಮರಳಿ ಎಂಜಿನ್‌ಗೆ ಹೋಗುತ್ತದೆ. ಬೇಸಿಗೆಯಲ್ಲಿ ಯಂತ್ರ ಮೊದಲಿಗಿಂತ ಹೆಚ್ಚು ಬಿಸಿಯಾಗುವುದು ಇದರಿಂದಲೇ. ಚಳಿಗಾಲದ ಬೆಳಗಿನಲ್ಲಿ ಎಂಜಿನ್ ಬಿಸಿಯೇ ಏರದೆ ಲೈನರ್ (ಸಿಲಿಂಡರಿನ ಒಳಗೋಡೆ) ಸವೆಯುತ್ತದೆ, ಉರಿಯದ ಡೀಸೆಲ್ ಕೆಳಗಿನ ಎಣ್ಣೆಗೆ ಇಳಿಯುತ್ತದೆ.

ಪರೀಕ್ಷೆ ಸುಲಭ. ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿ. ಅಂಚಿನಲ್ಲಿ ಅಚ್ಚಾದ ಉಷ್ಣಾಂಶದಲ್ಲಿ, ಉದಾಹರಣೆಗೆ 82 ಎಂದಿದ್ದರೆ ಅದರ ಒಂದೆರಡು ಡಿಗ್ರಿ ಆಚೀಚೆ, ಅದು ಬಾಯಿ ಬಿಡಲು ತೊಡಗಬೇಕು. ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು. ದೊಡ್ಡ ಎಂಜಿನ್‌ಗಳಲ್ಲಿ ಎರಡು ಥರ್ಮೋಸ್ಟಾಟ್ ಇರುತ್ತವೆ, ಒಂದನ್ನೇ ಬದಲಿಸಬಾರದು.

ಕೆಳಗಿನ ಹೋಸನ್ನು ಎಂಜಿನ್ ಜೋರಾಗಿ ಓಡುವಾಗ ನೋಡಿ. ಅದು ಚಪ್ಪಟೆಯಾದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ಹೋಗಿದೆ ಅಥವಾ ಕೋರ್ ಕಟ್ಟಿದೆ. ಪಂಪಿನ ರೆಕ್ಕೆಗಳು ಸವೆದಿರಬಹುದು ಇಲ್ಲವೇ ಶಾಫ್ಟಿನ ಮೇಲೆ ಸಡಿಲಾಗಿರಬಹುದು. ಉಳಿದೆಲ್ಲವೂ ಸರಿಯಿದ್ದಾಗ ಮಾತ್ರ ಪಂಪ್ ಬಿಚ್ಚಿ.

ಏಳನೆಯ ಹೆಜ್ಜೆ: ಎಂಜಿನ್ ಒಳಗಿನ ದೋಷ

ತಣ್ಣಗಿದ್ದಾಗ ರೇಡಿಯೇಟರನ್ನು ಕಂಠದವರೆಗೆ ತುಂಬಿ, ಕ್ಯಾಪ್ ಇಲ್ಲದೆ ಎಂಜಿನ್ ಶುರು ಮಾಡಿ. ಎಡೆಬಿಡದೆ ಗುಳ್ಳೆಗಳು ಬಂದರೆ ಸಿಲಿಂಡರಿನಲ್ಲಿ ಉರಿದ ಅನಿಲ ನೀರಿಗೆ ಸೇರುತ್ತಿರಬಹುದು. ಆದರೆ ಏರ್ ಬ್ರೇಕ್ ಇರುವ ಟಿಪ್ಪರ್, ಗ್ರೇಡರ್‌ಗಳಲ್ಲಿ ಹೆಡ್ ಎತ್ತುವ ಮೊದಲು ಏರ್ ಕಂಪ್ರೆಸರ್ ನೋಡಬೇಕು. ನೀರಿನಿಂದ ತಂಪಾಗುವ ಕಂಪ್ರೆಸರ್‌ನ ಗ್ಯಾಸ್ಕೆಟ್ ಹೋದರೂ ಇದೇ ರೀತಿ ಗುಳ್ಳೆ ಬರುತ್ತದೆ. ಗಾಳಿಯ ಟ್ಯಾಂಕ್ ತುಂಬಿ ಕಂಪ್ರೆಸರ್ ಕಟ್ ಆದ ಕೂಡಲೇ ಗುಳ್ಳೆ ನಿಂತರೆ ದೋಷ ಅಲ್ಲಿಯೇ ಇದೆ, ಹೆಡ್ಡನ್ನು ಮುಟ್ಟಬೇಕಿಲ್ಲ.

ನೀರು ಎಣ್ಣೆಗೆ ಇಳಿಯುತ್ತಿದೆಯೇ ಎಂದು ತಿಳಿಯಲು, ರಾತ್ರಿಯೆಲ್ಲ ನಿಂತ ಯಂತ್ರದ ಸಂಪ್ (ಎಂಜಿನ್ ಕೆಳಗಿನ ಎಣ್ಣೆಯ ತೊಟ್ಟಿ) ಬೋಲ್ಟನ್ನು ಬೆಳಿಗ್ಗೆ ಶುರು ಮಾಡುವ ಮೊದಲು ಸ್ವಲ್ಪವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ಇದ್ದರೆ ಮೊದಲು ಅದೇ ಬರುತ್ತದೆ. ರೇಡಿಯೇಟರ್‌ನಲ್ಲಿ ಎಣ್ಣೆ ತೇಲುತ್ತಿದ್ದರೆ ಆಯಿಲ್ ಕೂಲರನ್ನು ಮೊದಲು ಸಂಶಯಿಸಬೇಕು: ಓಡುವಾಗ ಎಣ್ಣೆಯ ಒತ್ತಡ ನೀರಿನದಕ್ಕಿಂತ ಹೆಚ್ಚಿರುವುದರಿಂದ ಎಣ್ಣೆ ನೀರಿಗೆ ದಾಟುತ್ತದೆ. ಲೋಡರ್‌ಗಳಲ್ಲಿ ಅದು ಗೇರ್ ಎಣ್ಣೆಯೂ ಆಗಿರಬಹುದು, ಬಣ್ಣ ನೋಡಿ ಗುರುತಿಸಿ.

ಇಷ್ಟೆಲ್ಲ ಸರಿಯಿದ್ದೂ ಬಿಸಿಯಾದರೆ ಶಾಖ ಬೇರೆಡೆಯಿಂದ ಬರುತ್ತಿದೆ. ಹೈಡ್ರಾಲಿಕ್ ಎಣ್ಣೆಯ ಹೆಚ್ಚಿನ ಒತ್ತಡ ಬಿಡುವ ರಿಲೀಫ್ ವಾಲ್ವ್ ಸದಾ ತೆರೆದಿರುವುದು, ಹೈಡ್ರಾಲಿಕ್ ಪಂಪ್ ಒಳಗೇ ಸೋರುವುದು, ದಿನವಿಡೀ ಬ್ರೇಕರ್ ಹೊಡೆಯುವುದು, ಬ್ರೇಕ್ ಹಿಡಿದುಕೊಂಡೇ ಓಡುವುದು, ಏರ್ ಫಿಲ್ಟರ್ ಕಟ್ಟಿರುವುದು ಇವು ಮುಖ್ಯ ಕಾರಣಗಳು. ಹೈಡ್ರಾಲಿಕ್ ಟ್ಯಾಂಕಿನ ಬಿಸಿಯನ್ನೂ ಅದೇ ಗನ್‌ನಿಂದ ಅಳೆದು ಪುಸ್ತಕದ ಮಿತಿಯೊಂದಿಗೆ ಹೋಲಿಸಿ.

ಎಂಟನೆಯ ಹೆಜ್ಜೆ: ನೀರು

ನಮ್ಮ ಬಹಳಷ್ಟು ಊರುಗಳ ಬೋರ್ ನೀರು ಗಡಸು, ಕೆಲವೆಡೆ ಪೂರ್ತಿ ಸವಳು. ಕ್ಯಾಟರ್‌ಪಿಲರ್ ಕಂಪನಿ ತನ್ನ ಎಂಜಿನ್‌ಗೆ ಹಾಕಬಹುದಾದ ನೀರಿಗೆ ಕೊಟ್ಟ ಮಿತಿ ಹೀಗಿದೆ: ಲೀಟರಿಗೆ ಕ್ಲೋರೈಡ್ 40, ಸಲ್ಫೇಟ್ 100, ಒಟ್ಟು ಗಡಸುತನ 170, ಕರಗಿದ ಘನಾಂಶ 340 ಮಿಲಿಗ್ರಾಂ. ಗಡಸು ಬೋರ್ ನೀರು ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ. ಅಂತಹ ನೀರು ಕಾದಾಗ ಅದರಲ್ಲಿನ ಸುಣ್ಣ ಲೈನರ್‌ನ ಹೊರಮೈ ಮೇಲೂ ಹೆಡ್‌ನ ಸಂದುಗಳಲ್ಲಿಯೂ ಪದರಾಗಿ ಕೂತು ಶಾಖ ದಾಟದಂತೆ ತಡೆಯುತ್ತದೆ. ಆಗ ರೇಡಿಯೇಟರ್ ಎಷ್ಟೇ ಹೊಸದಿದ್ದರೂ ಹೆಡ್ ಸೀಳುವುದು ತಪ್ಪುವುದಿಲ್ಲ. ಈಗ ಅನೇಕ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಸರಿಯಾಗಿ ನಡೆಯುತ್ತಿರುವ ಘಟಕದ ಆರ್‌ಒ ನೀರು ಕೂಲಂಟ್ (ತುಕ್ಕು ತಡೆಯುವ ತಂಪುದ್ರವ) ಬೆರೆಸಲು ಯೋಗ್ಯ. ಆದರೆ ಬರೀ ಆರ್‌ಒ ನೀರನ್ನು ಹಾಕಬಾರದು, ಅದರಲ್ಲಿ ತುಕ್ಕು ತಡೆಯುವ ಅಂಶವಿಲ್ಲ. ಚಳಿಗೆ ನೀರು ಹೆಪ್ಪುಗಟ್ಟುವ ಊರಲ್ಲದಿದ್ದರೂ ಕೂಲಂಟ್ ಬೇಕು ಎನ್ನುವುದು ಈ ಕಾರಣಕ್ಕೆ. ಎಂಜಿನ್ ಓಡುವಾಗ ಲೈನರ್ ನಡುಗಿ ಅದರ ಹೊರಮೈಯಲ್ಲಿ ಸಣ್ಣ ಉಗಿಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ರಕ್ಷಕ ರಾಸಾಯನಿಕ ಇಲ್ಲದಿದ್ದರೆ ಅವು ಲೋಹವನ್ನು ಸೂಜಿಮೊನೆಯಷ್ಟು ಕೊರೆಯುತ್ತ ಒಳಗಿನವರೆಗೂ ತೂತು ಮಾಡುತ್ತವೆ.

ಹಳೆಯದನ್ನು ತೆಗೆಯುವಾಗ ರೇಡಿಯೇಟರ್ ಕೆಳಗಿನ ನಲ್ಲಿಯ ಜೊತೆಗೆ ಎಂಜಿನ್ ಬ್ಲಾಕಿನ ಬೋಲ್ಟನ್ನೂ ಬಿಚ್ಚಬೇಕು, ಇಲ್ಲದಿದ್ದರೆ ಅರ್ಧ ಕೊಳೆ ಒಳಗೇ ಉಳಿಯುತ್ತದೆ. ಸುಣ್ಣದ ಪದರು ಇದ್ದರೆ ಆಯಾ ಲೋಹಕ್ಕೆ ಯೋಗ್ಯವೆಂದು ಡಬ್ಬಿಯ ಮೇಲೆ ಬರೆದಿರುವ ರೇಡಿಯೇಟರ್ ಕ್ಲೀನರ್ ಹಾಕಿ, ಅದರಲ್ಲಿ ಹೇಳಿದಷ್ಟು ಹೊತ್ತು ಬಿಸಿಯಲ್ಲಿ ಓಡಿಸಿ, ಹೊರಬಿಟ್ಟು, ನೀರು ತಿಳಿಯಾಗಿ ಬರುವವರೆಗೆ ತೊಳೆಯಬೇಕು. ಕಾಸ್ಟಿಕ್ ಸೋಡಾ, ಟಾಯ್ಲೆಟ್ ತೊಳೆಯುವ ಆಸಿಡ್ ಎರಡೂ ಅಲ್ಯೂಮಿನಿಯಂ ಕೋರನ್ನು ತಿಂದುಹಾಕುತ್ತವೆ. ತಾಮ್ರ ಮತ್ತು ಹಿತ್ತಾಳೆಯ ಕೋರ್ ಆಗಿದ್ದರೆ ಟ್ಯಾಂಕ್ ಬಿಚ್ಚಿ ಸಲಾಕೆ ಆಡಿಸಿ ಕೊಳವೆ ಬಿಡಿಸಬಹುದು, ಅಲ್ಯೂಮಿನಿಯಂ ಕೋರ್ ಕಟ್ಟಿದರೆ ಬದಲಿಸುವುದೇ ಮೇಲು.

ಕೂಲಂಟ್ ಸಾಂದ್ರವಾದದ್ದಾದರೆ ಅರ್ಧಕ್ಕರ್ಧ ನೀರು ಬೆರೆಸಿ ಬೇರೆ ಡಬ್ಬಿಯಲ್ಲಿ ಕಲಸಿಕೊಂಡೇ ಹಾಕಬೇಕು. ಸಿದ್ಧ ಮಿಶ್ರಣವಾದರೆ ನೀರು ಬೆರೆಸಕೂಡದು. ಬಣ್ಣ ಒಂದೇ ಇದ್ದ ಮಾತ್ರಕ್ಕೆ ಎರಡು ಕಂಪನಿಯ ಕೂಲಂಟ್ ಬೆರೆಸಬಾರದು, ಒಳಗಿನ ರಾಸಾಯನಿಕ ಬೇರೆಯಾಗಿದ್ದರೆ ಗಸಿಯಾಗಿ ಕಟ್ಟುತ್ತದೆ. ಬಿಟ್ಟ ಹಳೆಯ ಕೂಲಂಟನ್ನು ಹೊಲದ ಬದುವಿನಲ್ಲಿ ಎಂದೂ ಚೆಲ್ಲಬೇಡಿ. ಅದರಲ್ಲಿನ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ದನ, ನಾಯಿಗಳು ನೆಕ್ಕುತ್ತವೆ, ಮತ್ತು ಅದು ಪ್ರಾಣ ತೆಗೆಯುವ ವಿಷ. ಮುಚ್ಚಳವಿರುವ ಕ್ಯಾನ್‌ಗೆ ತುಂಬಿಟ್ಟು ಹಳೆಯ ಎಣ್ಣೆ ಒಯ್ಯುವ ಪರವಾನಗಿಯುಳ್ಳವರಿಗೆ ಕೊಡಬೇಕು.

ತುಂಬುವಾಗ ಎಂಜಿನ್ ಮೇಲಿನ ಗಾಳಿ ಬಿಡುವ ಬೋಲ್ಟ್‌ಗಳನ್ನು ಸಡಿಲಿಸಿ, ಗುಳ್ಳೆಯಿಲ್ಲದ ನೀರು ಬರುವವರೆಗೆ ನಿಧಾನವಾಗಿ ಸುರಿದು, ಮರಳಿ ಬಿಗಿಯಿರಿ. ಹೀಟರ್ ಇದ್ದರೆ ಅದರ ನಲ್ಲಿ ತೆರೆದಿರಲಿ. ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ನಿಧಾನ ಓಟದಲ್ಲಿ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ ಕಡಿಮೆಯಾದಷ್ಟು ತುಂಬಿ. ಮರುದಿನ ಮಧ್ಯಾಹ್ನದ ಬಿಸಿಲಿನಲ್ಲಿ, ಯಂತ್ರ ನಿಜವಾದ ಲೋಡ್‌ನಲ್ಲಿರುವಾಗ ಐದನೆಯ ಹೆಜ್ಜೆಯ ಅಳತೆಗಳನ್ನು ಮತ್ತೆ ತೆಗೆದು, ಅಂದಿನ ಗಾಳಿಯ ಉಷ್ಣಾಂಶ ಮತ್ತು ಯಂತ್ರ ಓಡಿದ ಒಟ್ಟು ಗಂಟೆಗಳೊಂದಿಗೆ ಯಂತ್ರದ ಪುಸ್ತಕದಲ್ಲಿ ಬರೆದಿಡಿ.